ಮಗುವಿನ ತಲೆನೋವು ನೆಪವಲ್ಲ

ಚಿಂತೆಗೂ ತಲೆಗೂ ನಂಟಿದೆ ಎಂಬುದನ್ನು ಕನ್ನಡಿಗರಾದ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕರಾವಳಿಯ ಕಡೆ ಚಿಂತೆಗೆ ಇರುವ ಹೆಸರೇ 'ತಲೆಬಿಸಿ'. ಕೈಹಿಡಿದ ಕೆಲಸ ಕೆಟ್ಟರೆ 'ದೊಡ್ಡ ತಲೆನೋವಾಯಿತು' ಎನ್ನುತ್ತೇವೆ. ಸಾಲದ ಕಂತು, ಮಗಳ ಮದುವೆ, ಜಮೀನಿನ ವ್ಯಾಜ್ಯ ಎಲ್ಲವೂ ನಮಗೆ 'ತಲೆಯ ಮೇಲಿನ ಭಾರ'. ದೊಡ್ಡವರ ವಿಷಯದಲ್ಲಿ ಇಷ್ಟು ಸಲೀಸಾಗಿ ಒಪ್ಪುವ ಈ ಮಾತನ್ನು ಮಕ್ಕಳ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ. ಎಂಟು ವರ್ಷದ ಮಗು ಬೆಳಿಗ್ಗೆ ಎದ್ದು "ಅಮ್ಮಾ, ತಲೆ ನೋಯ್ತಿದೆ" ಎಂದರೆ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? "ಇವತ್ತು ಟೆಸ್ಟ್ ಇದೆಯಲ್ಲ, ಅದಕ್ಕೇ ಈ ನಾಟಕ!"

ಈ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ತಪ್ಪಿದೆ. ಪರೀಕ್ಷೆಗೂ ತಲೆನೋವಿಗೂ ಸಂಬಂಧವಿರಬಹುದು ಎಂಬುದು ನಿಜ. ಅದು ನಾಟಕ ಎಂಬುದು ತಪ್ಪು. ಹೆದರಿದ ಮಗುವಿನ ತಲೆ ನಿಜವಾಗಿಯೂ ನೋಯುತ್ತದೆ. ನೋವು ಎಲ್ಲಿಂದ ಬಂದರೂ ನೋವೇ. ಅದನ್ನು ನಂಬದೆ ಗದರಿದರೆ ಹೆದರಿಕೆ ಹೆಚ್ಚುತ್ತದೆ. ಅದರ ಮೂಲವನ್ನು ನೋಡದೆ ಬರೀ ಮಾತ್ರೆ ಕೊಟ್ಟು ಮಲಗಿಸಿದರೆ ನೋವು ಮತ್ತೆ ಬರುತ್ತದೆ. ಈ ಎರಡರ ನಡುವೆ ಇರುವ ದಾರಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಎಷ್ಟು ಮಕ್ಕಳಿಗೆ ಈ ತೊಂದರೆ?

"ಇಷ್ಟು ಚಿಕ್ಕ ಮಗುವಿಗೆ ಎಂಥ ತಲೆನೋವು?" ಎಂದು ಕೇಳುವವರು ಈಗಲೂ ಇದ್ದಾರೆ. ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿ ಬೋ ಬಿಲ್ಲೆ ಎಂಬ ಮಕ್ಕಳ ವೈದ್ಯರು 7ರಿಂದ 15 ವರ್ಷದ ಸುಮಾರು 9,000 ಶಾಲಾ ಮಕ್ಕಳನ್ನು ಕುರಿತು ಅಧ್ಯಯನ ನಡೆಸಿ 1962ರಲ್ಲಿ ಪ್ರಕಟಿಸಿದರು. ಏಳನೆಯ ವಯಸ್ಸಿನ ಹೊತ್ತಿಗೇ ನೂರಕ್ಕೆ ಸುಮಾರು 40 ಮಕ್ಕಳು ತಲೆನೋವು ಕಂಡಿದ್ದರು. ಹದಿನೈದನೆಯ ವಯಸ್ಸಿಗೆ ಈ ಸಂಖ್ಯೆ ನೂರಕ್ಕೆ 75ರಷ್ಟಾಗಿತ್ತು. ತೀವ್ರ ಮೈಗ್ರೇನ್ ಇದ್ದ 73 ಮಕ್ಕಳನ್ನು ಅವರು 40 ವರ್ಷಗಳವರೆಗೆ ಗಮನಿಸುತ್ತ ಬಂದರು. ಐವತ್ತರ ಆಸುಪಾಸಿನಲ್ಲಿಯೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೈಗ್ರೇನ್ ಬರುತ್ತಲೇ ಇತ್ತು. ಬಾಲ್ಯದ ತಲೆನೋವು ಬೆಳೆದಂತೆ ತಾನೇ ಹೋಗುತ್ತದೆ ಎಂದು ಕೈಕಟ್ಟಿ ಕೂರುವಂತಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮ ನಾಡಿನ ಮಾತೇನು? ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ವಯಸ್ಕರನ್ನು ಕುರಿತು ನಡೆದು, 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು ಎಂದವರು ನೂರಕ್ಕೆ ಸುಮಾರು 64 ಮಂದಿ. ಮೈಗ್ರೇನ್ ಇದ್ದವರು ನೂರಕ್ಕೆ ಸುಮಾರು 25 ಮಂದಿ. ಮೈಗ್ರೇನ್ ವಂಶದಲ್ಲಿ ಹರಿದುಬರುವ ತೊಂದರೆ. ಅಮ್ಮನಿಗೋ ಅಜ್ಜಿಗೋ 'ಅರೆತಲೆನೋವು' ಇದ್ದ ಮನೆಯಲ್ಲಿ ಮಗುವಿಗೂ ಅದು ಬರುವ ಸಾಧ್ಯತೆ ಹೆಚ್ಚು.

ಇನ್ನು ಮಕ್ಕಳ ಮನಸ್ಸಿನ ಮಾತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ನಗರ ಮತ್ತು ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. 16 ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 12.5ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆ ಇತ್ತು. ಅತಿಯಾದ ಹೆದರಿಕೆ, ಆತಂಕಗಳೂ ಅವುಗಳಲ್ಲಿ ಸೇರಿದ್ದವು. ಎಂಟು ಮಕ್ಕಳಲ್ಲಿ ಒಬ್ಬರು ಎಂದರೆ, ಮಕ್ಕಳಿಂದ ತುಂಬಿದ ಯಾವ ತರಗತಿಯಲ್ಲಿಯೂ ಇಂಥ ಮಗು ಇಲ್ಲದೆ ಇಲ್ಲ.

ತಲೆನೋವು ಮತ್ತು ಆತಂಕ ಒಂದೇ ಮಗುವಿನಲ್ಲಿ ಜೊತೆಯಾಗಿ ಕಾಣಿಸಿಕೊಳ್ಳುವುದು ಎಷ್ಟೋ ಸಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ 9ರಿಂದ 15 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಆತಂಕ ಅಥವಾ ಖಿನ್ನತೆ ಇದ್ದ ಹುಡುಗಿಯರಲ್ಲಿ ತಲೆನೋವು ಉಳಿದವರಿಗಿಂತ ಹೆಚ್ಚಾಗಿತ್ತು. ಹುಡುಗರಲ್ಲಿ ಇನ್ನೊಂದು ಸಂಗತಿ ಕಂಡುಬಂತು: ಹೊಡೆದಾಟ, ನಿಯಮ ಮುರಿಯುವುದು ಮುಂತಾದ ನಡತೆಯ ತೊಂದರೆ ಇದ್ದವರಲ್ಲಿ ತಲೆನೋವು ಹೆಚ್ಚಿತ್ತು. ಇದರಿಂದ ನಾವು ಕಲಿಯಬೇಕಾದ ಪಾಠವಿದೆ. ಮೂಲೆಯಲ್ಲಿ ಮುದುಡಿ ಕೂತ ಹುಡುಗಿಯ ತಲೆನೋವು ನಮ್ಮ ಕಣ್ಣಿಗೆ ಬೀಳಬಹುದು. ಜಗಳಗಂಟ ಎಂದು ಬೈಸಿಕೊಳ್ಳುವ ಹುಡುಗನ ತಲೆಯೂ ನೋಯುತ್ತಿರಬಹುದೆಂದು ಯಾರು ಕೇಳುತ್ತಾರೆ?

ಹೆದರಿಕೆ ತಲೆಗೇರುವುದು ಹೇಗೆ?

ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ನೋಯುವುದು ಅದನ್ನು ಸುತ್ತಿರುವ ಪೊರೆ, ಅಲ್ಲಿನ ರಕ್ತನಾಳಗಳು, ನೆತ್ತಿ, ಹಣೆ ಮತ್ತು ಕತ್ತಿನ ಸ್ನಾಯುಗಳು. ಈ ನೋವಿನ ಸುದ್ದಿಯನ್ನು ಮುಖದ ಎರಡೂ ಬದಿಗೆ ಮೂರು ಕವಲಾಗಿ ಹರಡಿರುವ ನರವೂ ಕತ್ತಿನ ನರಗಳೂ ಮಿದುಳಿಗೆ ಒಯ್ಯುತ್ತವೆ.

ಈಗ ದಾರಿಯಲ್ಲಿ ಹಾವು ಕಂಡಿತೆಂದು ಭಾವಿಸಿ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಹೆಗಲು ಮೇಲೇರುತ್ತದೆ, ದವಡೆ ಬಿಗಿಯುತ್ತದೆ, ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ. ಓಡಲು ಇಲ್ಲವೇ ಎದುರಿಸಲು ಶರೀರ ಮಾಡಿಕೊಳ್ಳುವ ಸಿದ್ಧತೆ ಇದು. ಹಾವು ಸರಿದುಹೋದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಸೋಮವಾರದ ಲೆಕ್ಕದ ಪೀರಿಯಡ್ಡಿಗೆ ಹೆದರುವ ಮಗುವಿನ ಹಾವು ಸರಿದುಹೋಗುವುದಿಲ್ಲ. ಅದು ಭಾನುವಾರ ಮಧ್ಯಾಹ್ನವೇ ಮನೆಗೆ ಬಂದು ಕೂತಿರುತ್ತದೆ. ಕತ್ತು, ಹೆಗಲು, ದವಡೆ ಬಿಗಿದೇ ಇರುತ್ತವೆ. ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಹೋದ ಮಗು ಅಲ್ಲಿ ನೀರನ್ನೂ ಕುಡಿಯುವುದಿಲ್ಲ. ಶಾಲೆಯ ಶೌಚಾಲಯಕ್ಕೆ ಹೋಗಲು ಅಸಹ್ಯಪಟ್ಟು ನೀರಿನ ಬಾಟಲಿಯನ್ನು ತುಂಬಿದಂತೆಯೇ ವಾಪಸು ತರುವ ಹೆಣ್ಣುಮಕ್ಕಳು ಎಷ್ಟಿಲ್ಲ? ನಿದ್ದೆಗೇಡು, ಹಸಿವು, ನೀರಡಿಕೆ, ಬಿಗಿದ ಸ್ನಾಯು, ಇವು ಒಂದೊಂದೂ ತಲೆನೋವು ತರಬಲ್ಲವು. ಆತಂಕವು ಇವೆಲ್ಲವನ್ನೂ ಒಟ್ಟಿಗೆ ಕರೆದುಕೊಂಡು ಬರುತ್ತದೆ.

ಮತ್ತೊಂದು ಕಾರಣವೂ ಇದೆ. ದೇಹದಿಂದ ಬರುವ ನೋವಿನ ಸುದ್ದಿಯನ್ನು ಮಿದುಳು ರೇಡಿಯೋದ ಗುಂಡಿಯಂತೆ ಹೆಚ್ಚು ಕಡಿಮೆ ಮಾಡಬಲ್ಲದು. ಆಟದಲ್ಲಿ ಮುಳುಗಿದ ಮಗುವಿಗೆ ಮೊಣಕಾಲು ತರಚಿದ್ದೇ ತಿಳಿಯುವುದಿಲ್ಲ. ಸದಾ ಅಪಾಯವನ್ನು ಕಾಯುತ್ತಿರುವ ಮನಸ್ಸಿನಲ್ಲಿ ಈ ಗುಂಡಿ ಜೋರಿನ ಕಡೆಗೆ ತಿರುಗಿರುತ್ತದೆ. ಬೇರೆ ಮಗು ಗಮನಿಸದೆ ಬಿಡುವ ಸಣ್ಣ ನೋವು ಈ ಮಗುವಿಗೆ ದೊಡ್ಡದಾಗಿ ಕೇಳಿಸುತ್ತದೆ. ಅದು ಸುಳ್ಳಲ್ಲ, ಸೋಗಲ್ಲ. ಕೆಲವು ಸಲ ತಲೆನೋವು ಬಂದ ಮೇಲೆ "ಮತ್ತೆ ಬಂದರೆ ಏನು ಮಾಡಲಿ?" ಎಂಬ ಹೊಸ ಹೆದರಿಕೆಯೂ ಸೇರುತ್ತದೆ. ಹೆದರಿಕೆಯಿಂದ ನೋವು, ನೋವಿನಿಂದ ಹೆದರಿಕೆ, ಹೀಗೆ ಗಾಣದ ಎತ್ತಿನಂತೆ ಸುತ್ತು ನಡೆಯುತ್ತದೆ.

ಮಗು ಏಕೆ ಬಾಯಿಬಿಟ್ಟು ಹೇಳುವುದಿಲ್ಲ?

"ಹೆದರಿಕೆ ಆಗಿದ್ದರೆ ಹೇಳಬಹುದಿತ್ತಲ್ಲ?" ಎಂದು ನೀವು ಕೇಳಬಹುದು. ಆರೇಳು ವರ್ಷದ ಮಗುವಿನ ಮಾತಿನ ಚೀಲದಲ್ಲಿ 'ಆತಂಕ' ಎಂಬ ಪದವೇ ಇರುವುದಿಲ್ಲ. ಅದಕ್ಕೆ ಗೊತ್ತಿರುವುದು ಹೊಟ್ಟೆ, ತಲೆ, ಕಾಲು. ಬ್ರಿಟನ್ನಿನ ಬ್ರಿಸ್ಟಲ್ ನಗರದಲ್ಲಿ ಡಾ. ಜಾನ್ ಆಪ್ಲಿ ಮತ್ತು ಅವರ ಸಹೋದ್ಯೋಗಿ 1,000 ಶಾಲಾ ಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ವರದಿ ಬರೆದರು. ಹತ್ತರಲ್ಲಿ ಒಬ್ಬರಿಗೆ ಪದೇ ಪದೇ ಹೊಟ್ಟೆನೋವು ಬರುತ್ತಿತ್ತು, ಅವರಲ್ಲಿ ಬಹುಪಾಲು ಮಕ್ಕಳಲ್ಲಿ ಶರೀರದ ಕಾಯಿಲೆ ಏನೂ ಸಿಗಲಿಲ್ಲ. ಚಿಕ್ಕ ಮಕ್ಕಳಲ್ಲಿ ಮನಸ್ಸಿನ ಕಷ್ಟ ಹೊಟ್ಟೆಯ ಮೂಲಕ ಮಾತನಾಡುವುದು ಹೆಚ್ಚು. ವಯಸ್ಸು ಏರಿದಂತೆ ಅದು ತಲೆಯ ಕಡೆಗೆ ಹೋಗುತ್ತದೆ.

ಇನ್ನು ಕೆಲವು ಮಕ್ಕಳಿಗೆ ಪದ ಗೊತ್ತಿದ್ದರೂ ಹೇಳಲು ಧೈರ್ಯವಿರುವುದಿಲ್ಲ. "ಅಪ್ಪನಿಗೆ ಗೊತ್ತಾದರೆ ಬೈತಾರೆ", "ಅಮ್ಮ ಮೊದಲೇ ಅಳ್ತಾ ಇದ್ದಾಳೆ, ನಾನೂ ಹೇಳಿದರೆ ಇನ್ನಷ್ಟು ಅಳ್ತಾಳೆ" ಎಂದು ಒಳಗೇ ಇಟ್ಟುಕೊಳ್ಳುತ್ತಾರೆ. ಎಂದೂ ತಕರಾರು ಮಾಡದ, ಯಾವಾಗಲೂ ಮೊದಲ ಸಾಲಿನಲ್ಲಿ ಕೂರುವ 'ಒಳ್ಳೆಯ ಮಗು'ವಿನ ಮೇಲೂ ಕಣ್ಣಿರಲಿ. 98 ಅಂಕ ಬಂದಾಗ "ಉಳಿದ ಎರಡು ಎಲ್ಲಿ ಹೋಯಿತು?" ಎಂದು ನಾವು ನಗುತ್ತ ಕೇಳಿದ್ದನ್ನು ಅದು ನಗುವೆಂದು ತಿಳಿದಿರಲಿಕ್ಕಿಲ್ಲ.

ಚಿಂತೆಯ ಬೇರುಗಳು

ಮಕ್ಕಳಿಗೆಂಥ ಚಿಂತೆ ಎನ್ನಬೇಡಿ. ಕೆಲವನ್ನು ಮಾತ್ರ ಇಲ್ಲಿ ಹೆಸರಿಸೋಣ.

ಶಾಲೆಯಲ್ಲಿ: ಎಲ್ಲರೆದುರು ಬೈಯುವ ಮೇಷ್ಟ್ರು, ಗಟ್ಟಿಯಾಗಿ ಇಂಗ್ಲಿಷ್ ಓದಬೇಕಾದ ತರಗತಿ, ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾವಣೆ, ಶಾಲೆಯ ವ್ಯಾನಿನಲ್ಲಿ ಪೀಡಿಸುವ ದೊಡ್ಡ ಹುಡುಗರು, ಒಂದರ ಹಿಂದೊಂದು ಟ್ಯೂಷನ್. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ನಿಷೇಧಿಸಿದೆ ಎಂಬುದು ತಂದೆತಾಯಂದಿರಿಗೆ ತಿಳಿದಿರಬೇಕು.

ಮನೆಯಲ್ಲಿ: ಗೋಡೆಯಾಚೆಯಿಂದ ಕೇಳಿಸುವ ಜಗಳ, ಕುಡಿದು ಬರುವ ಅಪ್ಪ, ಅಜ್ಜಿಯ ಸಾವು, ಹೊಸ ತಮ್ಮನ ಆಗಮನ, ಊರು ಬದಲಾವಣೆ, ಹಾಸ್ಟೆಲಿಗೆ ಕಳಿಸುವ ಮಾತು. ದುಡ್ಡಿನ ತೊಂದರೆಯನ್ನು ಮಕ್ಕಳಿಗೆ ಹೇಳಿಲ್ಲ ಎಂದು ನಾವು ತಿಳಿದಿರುತ್ತೇವೆ. ಅವರು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾರೆ.

ನಮ್ಮ ಬಾಯಿಂದ: "ಪೊಲೀಸರು ಹಿಡಿದುಕೊಂಡು ಹೋಗ್ತಾರೆ", "ದೇವರು ಕಣ್ಣು ಕೀಳ್ತಾನೆ" ಎಂದು ಹೆದರಿಸಿ ಊಟ ಮಾಡಿಸುವುದು, ಓದಿಸುವುದು ನಮ್ಮಲ್ಲಿ ಹಳೆಯ ರೂಢಿ. ಆ ಕ್ಷಣಕ್ಕೆ ಕೆಲಸ ಆಗುತ್ತದೆ, ನಿಜ. ಮಗುವಾದರೋ ಆ ಮಾತನ್ನು ಹಾಸಿಗೆಗೂ ಕೊಂಡೊಯ್ಯುತ್ತದೆ. ಪ್ರೀತಿಸುವ ತಂದೆ ಎಂದು ನಾವೇ ಕಲಿಸುವ ದೇವರನ್ನು ಗುಮ್ಮನನ್ನಾಗಿ ಮಾಡುವುದು ಯಾವ ನ್ಯಾಯ?

ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಒಬ್ಬ ನಿರ್ದಿಷ್ಟ ವ್ಯಕ್ತಿಯ ಮನೆಗೆ, ಒಂದು ನಿರ್ದಿಷ್ಟ ಟ್ಯೂಷನ್ನಿಗೆ ಹೊರಡುವಾಗ ಮಾತ್ರ ಮಗುವಿಗೆ ತಲೆನೋವು ಬರುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಟ್ಟಬಾರದ ರೀತಿಯಲ್ಲಿ ಯಾರಾದರೂ ಮುಟ್ಟಿದ್ದರೆ ಮಗು ಅದನ್ನು ಹೇಳುವ ದಾರಿ ಇದೊಂದೇ ಆಗಿರಬಹುದು. ಬಲವಂತದಿಂದ ಕಳಿಸಬೇಡಿ. ಮೆಲ್ಲಗೆ ಕೇಳಿ, ಹೇಳಿದ್ದನ್ನು ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. 2012ರ ಪೋಕ್ಸೋ ಕಾಯಿದೆ ಇಂಥ ಮಕ್ಕಳ ರಕ್ಷಣೆಗಾಗಿಯೇ ಇದೆ.

ಮೊದಲು ವೈದ್ಯರ ಬಳಿಗೆ

ಆತಂಕದ ಮಾತಾಡಿದೆವೆಂದು ಎಲ್ಲ ತಲೆನೋವನ್ನೂ ಆತಂಕಕ್ಕೆ ಕಟ್ಟಬಾರದು. ಜ್ವರ, ಸೈನಸ್, ಹಲ್ಲುನೋವು, ದೃಷ್ಟಿದೋಷ ಮುಂತಾಗಿ ಕಾರಣಗಳು ಹಲವು. ಕಣ್ಣಿನ ಪರೀಕ್ಷೆ ಮಾಡಿಸುವುದು ಒಳ್ಳೆಯದೇ. ಆದರೆ ಪದೇ ಪದೇ ಬರುವ ತಲೆನೋವಿಗೆ ಕನ್ನಡಕವೊಂದೇ ಉತ್ತರವಾಗುವುದು ಕಡಿಮೆ. ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ:

• ನಿದ್ದೆಯಿಂದ ಎಬ್ಬಿಸುವ ನೋವು, ಅಥವಾ ಬೆಳಗಿನ ಜಾವ ಏಳುತ್ತಲೇ ವಾಂತಿಯೊಡನೆ ಬರುವ ನೋವು.
• ಕೆಮ್ಮಿದಾಗ, ಬಗ್ಗಿದಾಗ, ಮುಕ್ಕಿದಾಗ ಜೋರಾಗುವ ನೋವು.
• ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋಗುವ ನೋವು.
• ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಹೊಸದಾಗಿ ಮೆಳ್ಳೆಗಣ್ಣು.
• ನಡೆಯುವಾಗ ತೂರಾಟ, ಕೈಕಾಲಿನ ಬಲ ಕುಂದುವುದು, ಫಿಟ್ಸ್, ನಡತೆಯಲ್ಲಿ ದಿಢೀರ್ ಬದಲಾವಣೆ.
• ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು.
• ತಲೆಗೆ ಪೆಟ್ಟು ಬಿದ್ದ ನಂತರ ಬಂದ ನೋವು, ಅಥವಾ ಸಿಡಿಲು ಬಡಿದಂತೆ ಒಮ್ಮೆಗೇ ಬಂದ ಭಾರೀ ನೋವು.
• ಶಾಲೆಗೆ ಹೋಗುವ ವಯಸ್ಸಿಗಿಂತ ಚಿಕ್ಕ ಮಗುವಿಗೆ ಪದೇ ಪದೇ ಬರುವ ನೋವು.

ಇವು ಯಾವುವೂ ಇಲ್ಲದೆ, ವೈದ್ಯರ ಪರೀಕ್ಷೆಯೂ ಸರಿಯಾಗಿದ್ದರೆ ಸಾಮಾನ್ಯವಾಗಿ ಉಳಿಯುವುದು ಎರಡು ಬಗೆ. ಒಂದು, ತಲೆಗೆ ಪಟ್ಟಿ ಕಟ್ಟಿದಂತೆ ಎರಡೂ ಕಡೆ ಒತ್ತುವ ಬಿಗಿತದ ತಲೆನೋವು. ಇನ್ನೊಂದು ಮೈಗ್ರೇನ್. ದೊಡ್ಡವರಿಗೆ ಅದು ಸಾಮಾನ್ಯವಾಗಿ ಒಂದು ಬದಿಗೆ ಬಂದರೆ, ಮಕ್ಕಳಿಗೆ ಹಣೆಯ ತುಂಬ ಬರುವುದೂ ಉಂಟು. ಬೆಳಕು, ಸದ್ದು ಬೇಡವಾಗುತ್ತದೆ, ವಾಂತಿ ಬರುತ್ತದೆ, ಕತ್ತಲಲ್ಲಿ ಮಲಗಿದರೆ ಹಿತವೆನಿಸುತ್ತದೆ. ಆತಂಕವು ಈ ಎರಡನ್ನೂ ಹೆಚ್ಚಿಸಬಲ್ಲದು. ಇಂಥ ಮಗುವಿಗೆ ಸ್ಕ್ಯಾನಿಂಗ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ನೆರೆಮನೆಯವರು ಮಾಡಿಸಿದರೆಂದು ನೀವೂ ಹಟ ಹಿಡಿಯಬೇಡಿ.

ಒಂದು ನೋಟ್‌ಬುಕ್, ಒಂದು ತಿಂಗಳು

ಔಷಧಕ್ಕಿಂತ ಮೊದಲು ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ತಿಂಗಳ ಕಾಲ ಇಷ್ಟನ್ನು ಬರೆಯಿರಿ: ತಲೆನೋವು ಬಂದ ದಿನ ಮತ್ತು ಹೊತ್ತು, ಎಷ್ಟು ಹೊತ್ತು ಇತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ತಿಂಡಿ ತಿಂದಿತ್ತೇ, ನೀರು ಎಷ್ಟು ಕುಡಿಯಿತು, ಅಂದು ಶಾಲೆಯಲ್ಲಿ ಅಥವಾ ಮನೆಯಲ್ಲಿ ಏನಿತ್ತು, ಮಾತ್ರೆ ಕೊಟ್ಟಿರಾ.

ಐದನೇ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. "ಯಾವಾಗಲೂ ತಲೆನೋವು" ಎಂದು ತಾಯಿಯ ದೂರು. ನಾಲ್ಕು ವಾರ ಬರೆದು ನೋಡಿದರೆ ನೋವು ಬಂದಿರುವುದು ಹೆಚ್ಚಾಗಿ ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ತರಗತಿಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಾರೆ. ಒಮ್ಮೆ ತಡವರಿಸಿದಾಗ ಉಳಿದವರು ನಕ್ಕಿದ್ದರು. ದಸರೆಯ ರಜೆಯಲ್ಲಿ ಒಂದು ದಿನವೂ ನೋವು ಬಂದಿಲ್ಲ. ಈಗ ತಾಯಿಯ ಮುಂದೆ ಎರಡು ದಾರಿಗಳಿವೆ. "ನೋಡಿದೆಯಾ, ನಿನ್ನ ಬಂಡವಾಳ ಗೊತ್ತಾಯ್ತು" ಎಂದು ನೋಟ್‌ಬುಕ್ ಮುಂದಿಡಬಹುದು. ಹಾಗೆ ಮಾಡಿದರೆ ಮಗು ಮುಂದೆ ಏನನ್ನೂ ಹೇಳದು. ಇಲ್ಲವೇ, "ಮಂಗಳವಾರ ನಿನಗೆ ಕಷ್ಟ ಅಂತ ಈಗ ಗೊತ್ತಾಯ್ತು ಪುಟ್ಟಾ. ಸೋಮವಾರ ಸಂಜೆ ಆ ಪಾಠವನ್ನು ನಾವಿಬ್ಬರೂ ಒಟ್ಟಿಗೆ ಓದೋಣ. ನಾನು ಟೀಚರ್ ಹತ್ತಿರ ಮಾತಾಡ್ತೀನಿ" ಎನ್ನಬಹುದು. ನೋಟ್‌ಬುಕ್ ಬರೆಯುವುದು ಮಗುವಿನ ಜೊತೆ ನಿಲ್ಲುವುದಕ್ಕೆ; ಅದರ ಮೇಲೆ ಮೊಕದ್ದಮೆ ಹೂಡುವುದಕ್ಕಲ್ಲ.

ಮನೆಯಲ್ಲಿ ಏನು ಮಾಡಬಹುದು?

1. ನಂಬಿ. "ಹೌದಾ, ನೋಯ್ತಿದೆಯಾ? ಎಲ್ಲಿ ತೋರಿಸು" ಎನ್ನಿ. ಇಷ್ಟರಿಂದಲೇ ಬಿಗಿದ ಹೆಗಲು ಅರ್ಧ ಇಳಿಯುತ್ತದೆ. ಆದರೆ ದಿನಕ್ಕೆ ಹತ್ತು ಸಲ "ಈಗ ತಲೆ ಹೇಗಿದೆ?" ಎಂದು ನೀವೇ ಕೇಳಬೇಡಿ. ಮರೆತಿದ್ದ ನೋವನ್ನು ಅದು ಮತ್ತೆ ನೆನಪಿಸುತ್ತದೆ.

2. ಊಟ, ನೀರು, ನಿದ್ದೆ. ಬೆಳಿಗ್ಗೆ ಪೂರ್ತಿ ತಿಂಡಿ ಇಳಿಯದಿದ್ದರೆ ಅರ್ಧ ದೋಸೆಯೋ ಒಂದು ಬಾಳೆಹಣ್ಣೋ ಸಾಕು, ಖಾಲಿ ಹೊಟ್ಟೆ ಬೇಡ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಮೊಬೈಲ್ ಫೋನ್ ಮಲಗುವ ಕೋಣೆಯ ಹೊರಗಿರಲಿ. ಶಾಲೆಯ ಶೌಚಾಲಯ ಹೇಗಿದೆ ಎಂದು ಪೋಷಕರ ಸಭೆಯಲ್ಲಿ ಒಮ್ಮೆ ಕೇಳಿ. ಅದು ಸಣ್ಣ ಪ್ರಶ್ನೆಯಲ್ಲ.

3. ಮಾತಿಗೆ ಜಾಗ ಮಾಡಿಕೊಡಿ. ಎದುರು ಕೂರಿಸಿ "ಹೇಳು, ಏನಾಯ್ತು?" ಎಂದರೆ ಮಗು ಬಾಯಿ ಮುಚ್ಚುತ್ತದೆ. ಅವರೆಕಾಯಿ ಸುಲಿಯುವಾಗ, ಅಂಗಡಿಗೆ ನಡೆದು ಹೋಗುವಾಗ, ರಾತ್ರಿ ಪ್ರಾರ್ಥನೆ ಮುಗಿಸಿ ದೀಪ ಆರಿಸುವ ಮುಂಚೆ ಮಾತು ತಾನೇ ಬರುತ್ತದೆ. ಬಂದಾಗ ನಡುವೆ ಬಾಯಿ ಹಾಕಬೇಡಿ, ತಕ್ಷಣ ಬುದ್ಧಿವಾದ ಬೇಡ. ನಿಮ್ಮ ಬಳಿ ಹೇಳದಿದ್ದರೆ ಅಜ್ಜಿ, ಚಿಕ್ಕಮ್ಮ, ಪ್ರೀತಿಯ ಟೀಚರ್, ಯಾರ ಬಳಿಯಾದರೂ ಹೇಳಲಿ. ಅದರಲ್ಲಿ ನಿಮಗೆ ಸೋಲಿಲ್ಲ.

4. ಶಾಲೆ ಬಿಡಿಸಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಮಾತು. ಅಳುವ ಮಗುವನ್ನು ಮನೆಯಲ್ಲಿ ಇರಿಸಿಕೊಂಡರೆ ಹತ್ತು ಗಂಟೆಗೆ ನೋವು ಮಾಯ. ಎಲ್ಲರಿಗೂ ನೆಮ್ಮದಿ. ಆದರೆ 'ದೂರ ಉಳಿದರೆ ಮಾತ್ರ ಬದುಕಬಲ್ಲೆ' ಎಂದು ಮಗುವಿನ ಮನಸ್ಸು ಅಂದು ಕಲಿಯುತ್ತದೆ. ಮರುದಿನ ಶಾಲೆಯ ಗೇಟು ಇನ್ನೂ ಎತ್ತರವಾಗಿ ಕಾಣುತ್ತದೆ. ಅಪಾಯದ ಲಕ್ಷಣವಿಲ್ಲದಿದ್ದರೆ, ಶಾಲೆಯಲ್ಲಿ ನಿಜವಾದ ಹಿಂಸೆ ನಡೆಯುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಮಗುವನ್ನು ಕಳಿಸಿ. ನೋವು ಹೆಚ್ಚಾದರೆ ಹದಿನೈದು ನಿಮಿಷ ಮಲಗಿ ಮತ್ತೆ ತರಗತಿಗೆ ಹೋಗುವಂತೆ ಶಿಕ್ಷಕರೊಡನೆ ಮಾತಾಡಿಕೊಳ್ಳಿ. ಬಹಳ ದಿನ ತಪ್ಪಿಸಿದ ಮಗುವಾದರೆ ಮೊದಲು ಒಂದೆರಡು ಪೀರಿಯಡ್, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ದಿನ ಎಂದು ಮೆಟ್ಟಿಲು ಮಾಡಿಕೊಡಿ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಮೆಚ್ಚಿ.

5. ಸಡಿಲವಾಗುವುದನ್ನು ಕಲಿಸಿ. ಮುಷ್ಟಿಯಲ್ಲಿ ನಿಂಬೆಹಣ್ಣು ಹಿಂಡುವಂತೆ ಐದು ಎಣಿಸುವವರೆಗೆ ಬಿಗಿ ಹಿಡಿದು ಬಿಡಲು ಹೇಳಿ. ಆಮೆ ತಲೆ ಒಳಗೆಳೆದುಕೊಂಡಂತೆ ಹೆಗಲನ್ನು ಕಿವಿಯವರೆಗೆ ಎತ್ತಿ, ಹಾಗೆಯೇ ಕೆಳಗಿಳಿಸಲಿ. ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಲಿ. ನೋವಿಲ್ಲದ ದಿನಗಳಲ್ಲಿಯೇ ಆಟದಂತೆ ಅಭ್ಯಾಸ ಮಾಡಿಸಿ. ನೋವು ಬಂದ ದಿನ ಹೊಸದಾಗಿ ಕಲಿಸಲಾಗದು.

6. ಮಾತ್ರೆಯ ಮೇಲೆ ಹಿಡಿತವಿರಲಿ. ನೋವಿನ ಮಾತ್ರೆಯನ್ನು ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಿ. ದೊಡ್ಡವರ ಮಾತ್ರೆಯನ್ನು ಅಂದಾಜಿನಿಂದ ಅರ್ಧ ಮಾಡಿ ಕೊಡಬೇಡಿ. ವೈದ್ಯರು ಹೇಳದೆ ಮಕ್ಕಳಿಗೂ ಹದಿಹರೆಯದವರಿಗೂ ಆಸ್ಪಿರಿನ್ ಕೊಡಲೇಬಾರದು. ಅಪರೂಪಕ್ಕಾದರೂ ಅದರಿಂದ ಮಿದುಳಿಗೂ ಯಕೃತ್ತಿಗೂ ಭಾರೀ ಅಪಾಯ ಉಂಟಾಗಬಹುದು. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನೋವಿನ ಮಾತ್ರೆ ನುಂಗುತ್ತ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಹುಟ್ಟುವುದುಂಟು. ಕೆಲವು ಬೆರಕೆ ಮಾತ್ರೆಗಳಿಗೆ ತಿಂಗಳಲ್ಲಿ 10 ದಿನವೇ ಸಾಕು.

7. ನಮ್ಮ ಚಿಂತೆಯನ್ನೂ ನೋಡಿಕೊಳ್ಳೋಣ. ನಮ್ಮ ಮುಖವೇ ಮಗುವಿನ ಪಂಚಾಂಗ. ಪರೀಕ್ಷೆಯ ವಾರದಲ್ಲಿ ಮನೆಯವರೆಲ್ಲ ಪಿಸುಮಾತಿನಲ್ಲಿ ಓಡಾಡಿದರೆ 'ಏನೋ ಭಯಂಕರ ನಡೆಯಲಿದೆ' ಎಂದೇ ಅದು ತಿಳಿಯುತ್ತದೆ.

ಇಷ್ಟರಿಂದಲೂ ಆಗದಿದ್ದರೆ

ನೋವಿನಿಂದ ಮಗು ವಾರಗಟ್ಟಲೆ ಶಾಲೆ ತಪ್ಪಿಸುತ್ತಿದ್ದರೆ, ಆಟ, ಗೆಳೆಯರನ್ನು ಬಿಟ್ಟರೆ, ರಾತ್ರಿ ನಿದ್ದೆ ಇಲ್ಲದಿದ್ದರೆ, ಬದುಕು ಬೇಡ ಎಂಬಂಥ ಮಾತಾಡಿದರೆ ಪರಿಣತರ ಸಹಾಯ ಬೇಕು. "ಮನೋವೈದ್ಯರ ಬಳಿ ಹೋದರೆ ಜನ ಏನಂದುಕೊಳ್ಳುತ್ತಾರೆ?" ಎಂದು ತಡಮಾಡುವವರೇ ಹೆಚ್ಚು. ಮೊದಲು ದೃಷ್ಟಿ ತೆಗೆಸಿ, ಆಮೇಲೆ ತಾಯಿತ ಕಟ್ಟಿಸಿ, ಕೊನೆಗೆ ವೈದ್ಯರ ಬಳಿ ಬರುವಷ್ಟರಲ್ಲಿ ಒಂದು ಶೈಕ್ಷಣಿಕ ವರ್ಷವೇ ಕಳೆದಿರುತ್ತದೆ.

ಸಹಾಯ ಫಲಿಸುತ್ತದೆ ಎಂಬುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ತಿಂಗಳಿಗೆ 15 ದಿನಕ್ಕೂ ಹೆಚ್ಚು ತಲೆನೋವಿನಿಂದ ನರಳುತ್ತಿದ್ದ 10ರಿಂದ 17 ವರ್ಷದ 135 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದೇ ಔಷಧ ಕೊಡಲಾಯಿತು. ಒಂದು ಗುಂಪಿಗೆ ಅದರ ಜೊತೆಗೆ, ಹೆದರಿಸುವ ಯೋಚನೆಗಳನ್ನು ಗುರುತಿಸಿ ಬದಲಿಸುವ, ದೇಹವನ್ನು ಸಡಿಲಿಸುವ ತರಬೇತಿ ಕೊಟ್ಟರು. ಇನ್ನೊಂದು ಗುಂಪಿಗೆ ತಲೆನೋವಿನ ಬಗ್ಗೆ ತಿಳಿವಳಿಕೆ ಮಾತ್ರ. ಇಪ್ಪತ್ತು ವಾರಗಳ ಬಳಿಕ ನೋಡಿದಾಗ, ನಾಲ್ಕು ವಾರಗಳಲ್ಲಿ ನೋವಿನ ದಿನಗಳು ಮೊದಲ ಗುಂಪಿನಲ್ಲಿ ಸರಾಸರಿ 11.5ರಷ್ಟು, ಎರಡನೆಯದರಲ್ಲಿ 6.8ರಷ್ಟು ಕಡಿಮೆಯಾಗಿದ್ದವು. ಮೈಗ್ರೇನ್ ತಡೆಯಲು ಕೊಡುವ ಎರಡು ಔಷಧಗಳನ್ನು ಔಷಧವಿಲ್ಲದ ಹುಸಿಮಾತ್ರೆಯೊಡನೆ ಹೋಲಿಸಿದ ಮತ್ತೊಂದು ಅಧ್ಯಯನ 2017ರಲ್ಲಿ ಬಂತು. ಆ ಔಷಧಗಳು ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಹುಸಿಮಾತ್ರೆ ತೆಗೆದುಕೊಂಡವರಲ್ಲಿಯೂ ನೂರಕ್ಕೆ 61 ಮಕ್ಕಳಿಗೆ ನೋವಿನ ದಿನಗಳು ಅರ್ಧಕ್ಕಿಂತ ಕಡಿಮೆಯಾದವು. ಮಕ್ಕಳ ತಲೆನೋವಿನಲ್ಲಿ ಆರೈಕೆಗೂ ಭರವಸೆಗೂ ಎಷ್ಟು ಬಲವಿದೆ ಎಂಬುದನ್ನು ಇದು ತೋರಿಸುತ್ತದೆ. ಹಾಗೆಂದು ವೈದ್ಯರು ಬರೆದುಕೊಟ್ಟ ಔಷಧವನ್ನು ನೀವಾಗಿ ನಿಲ್ಲಿಸಬೇಡಿ.

ಇಂಥ ಸಹಾಯ ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ನಡೆಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಿಯ ತಂದೆತಾಯಂದಿರೇ, ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಬದುಕಿರುವವರಲ್ಲಿ ಮಕ್ಕಳೂ ಸೇರಿದ್ದಾರೆ. ನಾಳೆ ಬೆಳಿಗ್ಗೆ ನಿಮ್ಮ ಮಗು ಹಣೆ ಹಿಡಿದುಕೊಂಡು ಬಂದರೆ, ಗದರುವ ಮುಂಚೆ, ಮಾತ್ರೆ ಹುಡುಕುವ ಮುಂಚೆ, ಎರಡು ನಿಮಿಷ ಅದರ ಪಕ್ಕದಲ್ಲಿ ಕುಳಿತುಕೊಳ್ಳಿ.

ಮನೆಯಲ್ಲಿ ಕೂಡಿ ಯೋಚಿಸಲು

1. ನಮ್ಮ ಮಗುವಿಗೆ ಕಳೆದ ತಿಂಗಳು ಎಷ್ಟು ಸಲ ತಲೆನೋವು ಅಥವಾ ಹೊಟ್ಟೆನೋವು ಬಂತು? ಯಾವ ದಿನಗಳಲ್ಲಿ?
2. ಮಗು ನೋವೆಂದಾಗ ನಾವು ಸಾಮಾನ್ಯವಾಗಿ ಆಡುವ ಮೊದಲ ಮಾತು ಏನು?
3. ಯಾವ ಯಾವ ಮಾತಿನಿಂದ ನಾವು ಮಗುವನ್ನು ಹೆದರಿಸುತ್ತೇವೆ? ಅವುಗಳಲ್ಲಿ ಒಂದನ್ನು ಈ ವಾರ ಬಿಡಬಹುದೇ?
4. ನಮ್ಮ ಬಳಿ ಹೇಳಲಾಗದ್ದನ್ನು ಮಗು ಯಾರ ಬಳಿ ಹೇಳಬಲ್ಲದು? ಆ ವ್ಯಕ್ತಿಯ ಹೆಸರು ಮಗುವಿಗೆ ಗೊತ್ತೇ?